ನೀರು ಎಲ್ಲಿಗೆ ಹೋಗುತ್ತದೆ?

ಧಾರವಾಡದ ನಮ್ಮ ಓಣಿಯ ಹಿರಿಯರಿಗೆ ನಾನು ಓದುತ್ತಿದ್ದ ವಿಷಯವನ್ನು ವಿವರಿಸಿ ಹೇಳುವುದೆಂದರೆ ಅದೇ ಒಂದು ಪರೀಕ್ಷೆಯಾಗಿತ್ತು. ‘ಭೂದೃಶ್ಯ ವಾಸ್ತುಶಿಲ್ಪ’ ಎಂದರೆ ಯಾರಿಗೂ ತಿಳಿಯದು. ‘ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್’ ಎಂದರೆ ಅರ್ಧ ತಿಳಿದವರಂತೆ ತಲೆಯಾಡಿಸುವರು. “ಅಂದ್ರ ತ್ವಾಟಾ ಮಾಡೋದು ಕಲೀಲಿಕ್ಕೆ ಸಮುದ್ರ ದಾಟಿ ಹೊಂಟೀಯೇನವ್ವಾ? ನಮ್ಮ ಹೊಲಕ್ಕ ಬಂದಿದ್ರ ಪುಕ್ಕಟೆ ಕಲಿಸ್ತಿದ್ದೆ” ಎಂದು ನಮ್ಮ ಅಜ್ಜನವರು ನಕ್ಕಿದ್ದರು. ಕಟ್ಟಡಗಳ ನಡುವೆ ಉಳಿಯುವ ಬೀದಿ, ಅಂಗಳ, ಉದ್ಯಾನ, ಕೆರೆಯ ದಂಡೆ, ಶಾಲೆಯ ಬಯಲು ಇವನ್ನೆಲ್ಲ ಮನುಷ್ಯರಿಗೂ ಗಿಡಮರಗಳಿಗೂ ನೀರಿಗೂ ಹೊಂದುವಂತೆ ರೂಪಿಸುವ ವಿದ್ಯೆ ಇದು ಎಂದು ನಾನು ಬಿಡಿಸಿ ಹೇಳಿದಾಗ, ಅವರು ನಗುವುದನ್ನು ನಿಲ್ಲಿಸಿ, “ಅಂಥಾ ಜಾಗಾ ಊರಾಗ ಉಳದದ ಎಲ್ಲಿ?” ಎಂದು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಗಿಂತಲೂ ದೊಡ್ಡದಾದ ಒಂದು ಅಳುಕನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು 2021ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದೆ. ಅದನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು, ಏಕೆಂದರೆ ಮುಂದೆ ಬರೆಯಲಿರುವ ಪ್ರವಾಸದ ಕಥೆಗೆ ಅದೇ ಮೂಲ. ವಾಸ್ತುಶಿಲ್ಪದ ಪದವಿ ಮುಗಿಸಿ ಕೆಲಸಕ್ಕೆ ಸೇರಿದ್ದ ಹೊಸತರಲ್ಲಿ, ಎಂದರೆ 2018ರಲ್ಲಿ, ನನ್ನ ಸೋದರಮಾವನವರು ಧಾರವಾಡದ ಒಂದು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. 40 ಅಡಿಗೆ 60 ಅಡಿಯ ನಿವೇಶನ. ಹೊರಗಿನ ಅಂಗಳದ ಕೆಲಸವನ್ನು ಪ್ರೀತಿಯಿಂದ ನನಗೆ ಒಪ್ಪಿಸಿದರು. ಅವರ ಬೇಡಿಕೆ ಇಷ್ಟೇ: ಕೆಸರಾಗಬಾರದು, ಎಲೆ ಉದುರಬಾರದು, ಎರಡು ಕಾರು ನಿಲ್ಲಬೇಕು. ನಾನು ನೆಲಕ್ಕೆ ಕಾಂಕ್ರೀಟು ಹಾಕಿಸಿ, ಅದರ ಮೇಲೆ ಬಣ್ಣಬಣ್ಣದ ಸಿಮೆಂಟ್ ಬಿಲ್ಲೆಗಳನ್ನು ಗೋಡೆಯಿಂದ ಗೋಡೆಯವರೆಗೆ ಕೂಡಿಸಿದೆ. ಮೂಲೆಯಲ್ಲಿದ್ದ ಬೇವಿನ ಮರವನ್ನು ಕಡಿಸಲು ಒಪ್ಪಿದವಳೂ ನಾನೇ. ಗೃಹಪ್ರವೇಶಕ್ಕೆ ಬಂದವರೆಲ್ಲ, “ಅಂಗಳ ಅಂದ್ರ ಹಿಂಗಿರಬೇಕು, ತಾಟಿನ್ಯಾಗ ಊಟಾ ಬಡಿಸಬ್ಯಾಡ, ಇಲ್ಲೇ ಬಡಿಸಬಹುದು” ಎಂದು ಹೊಗಳಿದರು. ನಾನು ಉಬ್ಬಿದೆ.

ಮರುವರ್ಷ ಮೇ ತಿಂಗಳಿನಲ್ಲಿ ಒಂದು ಸಂಜೆ ಅಡ್ಡಮಳೆ ಬಂದಿತು. ನಮ್ಮ ಕಡೆಯ ಅಡ್ಡಮಳೆಯನ್ನು ಬಲ್ಲವರಿಗೆ ಅದರ ರಭಸವನ್ನು ವಿವರಿಸಬೇಕಾಗಿಲ್ಲ. ಮಾವನವರ ಅಂಗಳದಲ್ಲಿ ಒಂದು ಹನಿಯೂ ನಿಲ್ಲಲಿಲ್ಲ. ಅಷ್ಟೂ ನೀರು ಇಳಿಜಾರಿನಲ್ಲಿ ಹರಿದು, ಕೆಳಗಿನ ನಿವೇಶನದಲ್ಲಿದ್ದ ವೃದ್ಧ ದಂಪತಿಗಳ ಅಡುಗೆಮನೆಗೆ ನುಗ್ಗಿತು. ಅವರು ವರ್ಷಕ್ಕಾಗುವಷ್ಟು ಜೋಳವನ್ನು ಚೀಲಗಳಲ್ಲಿ ತುಂಬಿಟ್ಟಿದ್ದರು. ನಿವೃತ್ತ ಶಿಕ್ಷಕರಾಗಿದ್ದ ಆ ಹಿರಿಯರ ಪುಸ್ತಕಗಳು ಕೆಳಗಿನ ಕಪಾಟಿನಲ್ಲಿದ್ದವು. ಮರುದಿನ ನಾನು ಹೋದಾಗ ಆ ತಾಯಿ ಜೋಳವನ್ನು ಬಿಸಿಲಿಗೆ ಹರವುತ್ತಿದ್ದರು. “ಈ ಸಲದ ಮಳಿ ಭಾಳ ಜೋರ ಆತವ್ವಾ” ಎಂದಷ್ಟೇ ಹೇಳಿ ನನಗೆ ಚಹಾ ಕೊಟ್ಟರು. ಅಲ್ಲಿ ಅವರು ಮನೆ ಕಟ್ಟಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಅದುವರೆಗೆ ಒಮ್ಮೆಯೂ ನೀರು ಒಳಗೆ ಬಂದಿರಲಿಲ್ಲವೆಂಬುದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಬೈದಿದ್ದರೆ ನನ್ನ ಭಾರ ಇಳಿಯುತ್ತಿತ್ತೇನೋ. ನಾನು ಚಹಾ ಕುಡಿದು, ತಪ್ಪೊಪ್ಪಿಕೊಳ್ಳದೆ, ಎದ್ದು ಬಂದೆ. ಆಮೇಲೆ ಎರಡು ವರ್ಷ ಆ ಬೀದಿಗೆ ಹೋಗುವುದನ್ನೇ ತಪ್ಪಿಸಿದೆ.

ಇಂಗ್ಲೆಂಡಿನಲ್ಲಿ ಎರಡನೆಯ ವರ್ಷದ ಆರಂಭಕ್ಕೆ, 2022ರ ಅಕ್ಟೋಬರಿನಲ್ಲಿ, ನಮ್ಮ ತರಗತಿಯ ಹದಿನಾಲ್ಕು ವಿದ್ಯಾರ್ಥಿಗಳನ್ನು ಇಬ್ಬರು ಅಧ್ಯಾಪಕರು ಆರು ದಿನಗಳ ಅಧ್ಯಯನ ಪ್ರವಾಸಕ್ಕೆ ಕರೆದೊಯ್ದರು. ಸ್ವೀಡನ್ ದೇಶದ ಮಾಲ್ಮೋ ಮತ್ತು ಡೆನ್ಮಾರ್ಕಿನ ಕೋಪನ್‌ಹೇಗನ್ ಎಂಬ ಎರಡು ನಗರಗಳು, ನಡುವೆ ಸಮುದ್ರದ ಕವಲು, ಅದರ ಮೇಲೆ 2000ದಲ್ಲಿ ತೆರೆದ ಓರೆಸುಂಡ್ ಸೇತುವೆ. ರೈಲು ಒಂದು ದೇಶದಿಂದ ಇನ್ನೊಂದಕ್ಕೆ, ನಾವು ಧಾರವಾಡದಿಂದ ಹುಬ್ಬಳ್ಳಿಗೆ ಹೋದಷ್ಟು ಸಲೀಸಾಗಿ, ದಾಟಿಬಿಡುತ್ತದೆ. ಮುಂದಿನ ತಲೆಮಾರಿಗೆ ಹೊರೆಯಾಗದಂತೆ ನಗರವನ್ನು ಕಟ್ಟುವುದು ಹೇಗೆಂಬುದು ನಮ್ಮ ಅಭ್ಯಾಸದ ವಿಷಯ. ಹೊರಡುವ ಒಂದು ತಿಂಗಳ ಹಿಂದಷ್ಟೇ ಬೆಂಗಳೂರಿನ ಹೊರವರ್ತುಲ ರಸ್ತೆ ಜಲಾವೃತವಾಗಿ, ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರುಗಳಲ್ಲಿ ಕುಳಿತು ಕಚೇರಿಗೆ ಹೋದ ಚಿತ್ರಗಳನ್ನು ಜಗತ್ತೇ ಕಂಡಿತ್ತು. “ಇದು ನಿಮ್ಮ ರಾಜ್ಯವೇ?” ಎಂದು ಸಹಪಾಠಿಗಳು ಕೇಳಿದಾಗ ನಾನು ಹೌದೆಂದೆ. ಮಾವನವರ ಅಂಗಳದ ಚಿತ್ರ ಯಾರ ಬಳಿಯೂ ಇಲ್ಲವೆಂಬ ಸಮಾಧಾನದೊಡನೆ ಹೌದೆಂದೆ ಎನ್ನಬೇಕು.

ನಮ್ಮ ಹಿರಿಯ ಅಧ್ಯಾಪಕರಿಗೆ ಒಂದು ಅಭ್ಯಾಸವಿತ್ತು. ಎಷ್ಟೇ ಸುಂದರವಾದ ಸ್ಥಳದಲ್ಲಿ ನಿಂತರೂ ಮೊದಲು ಕಾಲ ಕೆಳಗೆ ನೋಡಿ, “ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ?” ಎಂದು ಕೇಳುವರು. ಯಾರಾದರೊಬ್ಬರು ಉತ್ತರ ಹೇಳುವವರೆಗೂ ಮುಂದಕ್ಕೆ ಹೆಜ್ಜೆಯಿಡುತ್ತಿರಲಿಲ್ಲ. ಮೊದಲ ದಿನ ಇದು ತಮಾಷೆಯಾಗಿ ಕಂಡಿತು. ಎರಡನೆಯ ದಿನ ನಾನು ಅವರ ಕಣ್ಣು ತಪ್ಪಿಸಿ ಹಿಂದೆ ನಿಲ್ಲತೊಡಗಿದೆ.

ಮಾಲ್ಮೋ ಒಂದು ಕಾಲಕ್ಕೆ ಹಡಗು ಕಟ್ಟುವವರ ಊರು. ಆ ಉದ್ಯಮ ಮುಳುಗಿದ ಮೇಲೆ ಅಲ್ಲಿನ ಬೃಹತ್ ಕ್ರೇನನ್ನು ಕೊರಿಯಾದ ಕಂಪನಿಯೊಂದು ಕೇವಲ ಒಂದು ಡಾಲರಿಗೆ ಕೊಂಡು, 2002ರಲ್ಲಿ ಬಿಚ್ಚಿ ಸಾಗಿಸಿತಂತೆ. ಹಡಗುಕಟ್ಟೆಯ ಆ ನೆಲದಲ್ಲಿ 2001ರಲ್ಲಿ ‘ಬೂ 01’ ಎಂಬ ವಸತಿ ಪ್ರದರ್ಶನ ನಡೆಯಿತು. ಅದೇ ಈಗ ಒಂದು ಬಡಾವಣೆ. ಸಮುದ್ರದ ಗಾಳಿಯನ್ನು ತಡೆಯಲು ಬೀದಿಗಳನ್ನು ಬೇಕೆಂದೇ ಅಂಕುಡೊಂಕಾಗಿ ಮಾಡಿದ್ದಾರೆ. ಮಳೆಯ ನೀರು ತೆರೆದ ಕಿರುಗಾಲುವೆಗಳಲ್ಲಿ ಮನೆಗಳ ಮುಂದೆಯೇ ಹರಿಯುತ್ತದೆ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಟ್ಟಡಗಳಲ್ಲ, ಅವರ ಒಂದು ಲೆಕ್ಕ. ಪ್ರತಿಯೊಂದು ನಿವೇಶನಕ್ಕೂ ಹಸುರಿನ ಅಂಕವೊಂದನ್ನು ಗೊತ್ತುಮಾಡಿದ್ದರು. ಆಳವಾದ ಮಣ್ಣಿನಲ್ಲಿ ಗಿಡ ಬೆಳೆದಿದ್ದರೆ ಆ ಜಾಗಕ್ಕೆ ಪೂರ್ಣ ಒಂದು ಅಂಕ, ನೀರಿಳಿಯದಂತೆ ಮುಚ್ಚಿದ ನೆಲಕ್ಕೆ ಸೊನ್ನೆ. ಎಲ್ಲವನ್ನೂ ಕೂಡಿ ಸರಾಸರಿ ತೆಗೆದರೆ ಅರ್ಧಕ್ಕೆ ಕಡಿಮೆಯಾಗಬಾರದು. ಇದಲ್ಲದೆ 35 ಅಂಶಗಳ ಒಂದು ಪಟ್ಟಿಯಿಂದ ಹತ್ತನ್ನಾದರೂ ಕಟ್ಟುವವರು ಆರಿಸಿಕೊಳ್ಳಬೇಕು: ಹಕ್ಕಿಗಳಿಗೆ ಗೂಡಿನ ಪೆಟ್ಟಿಗೆ, ಬಾವಲಿಗಳಿಗೆ ಆಸರೆ, ಚಿಟ್ಟೆಗೆ ಬೇಕಾದ ಹೂಗಿಡ, ತರಕಾರಿ ಬೆಳೆಯಲು ಸಾಕಾಗುವಷ್ಟು ಮಣ್ಣು, ಹೀಗೆ. ನಾನು ಮನಸ್ಸಿನಲ್ಲೇ ಮಾವನವರ ಅಂಗಳಕ್ಕೆ ಅಂಕ ಹಾಕಿ ನೋಡಿದೆ. ತುಳಸೀಕಟ್ಟೆಯ ಒಂದೂವರೆ ಅಡಿ ಬಿಟ್ಟರೆ ಉಳಿದದ್ದೆಲ್ಲ ಸೊನ್ನೆ.

ಆದರೂ ಆ ಬಡಾವಣೆ ನನ್ನ ಮನಸ್ಸನ್ನು ತುಂಬಲಿಲ್ಲ. ಉಳ್ಳವರಿಗಾಗಿ, ಖಾಲಿ ನೆಲದಲ್ಲಿ, ಹೊಸದಾಗಿ ಕಟ್ಟಿದ್ದು ಅದು. ಅಂಥ ಅನುಕೂಲವಿದ್ದರೆ ಯಾರಾದರೂ ಮಾಡಿಯಾರು ಎಂದು ಒಳಗೊಳಗೇ ಕೊಂಕು ನುಡಿದುಕೊಂಡೆ. ಅಲ್ಲಿನ ಮನೆಗಳು ಮೊದಲ ವರ್ಷಗಳಲ್ಲಿ ತಾವೇ ಹಾಕಿಕೊಂಡ ಮಿತಿಗಿಂತ ಹೆಚ್ಚು ಇಂಧನ ಸುಟ್ಟದ್ದನ್ನು ಅಧ್ಯಾಪಕರೂ ಮರೆಮಾಚಲಿಲ್ಲ.

ಮೂರನೆಯ ದಿನ ನೋಡಿದ ಆಗಸ್ಟೆನ್‌ಬೋರ್ಗ್ ಬೇರೆಯೇ ರೀತಿಯದು. 1948ರಿಂದ 1952ರ ನಡುವೆ ಸಾಮಾನ್ಯ ದುಡಿಯುವ ಜನರಿಗಾಗಿ ಕಟ್ಟಿದ ಬಾಡಿಗೆ ಮನೆಗಳ ಬಡಾವಣೆ. ಮೂರು ನಾಲ್ಕು ಅಂತಸ್ತಿನ ಆಡಂಬರವಿಲ್ಲದ ಕಟ್ಟಡಗಳು, ಸುಮಾರು 3,000 ಜನ. ಅಲ್ಲಿ ಕೊಳಚೆಗೂ ಮಳೆನೀರಿಗೂ ಒಂದೇ ಕೊಳವೆಯಿತ್ತು. ಜೋರುಮಳೆ ಬಂದಾಗಲೆಲ್ಲ ಆ ಕೊಳವೆ ಉಕ್ಕಿ ನೆಲಮಾಳಿಗೆಗಳಿಗೆ ನೀರು ನುಗ್ಗುತ್ತಿತ್ತು. ಮನೆಗಳು ಹಳತಾದವು, ಜನ ಬಿಟ್ಟು ಹೋಗತೊಡಗಿದರು. 1998ರಿಂದ ನಗರಸಭೆಯೂ ಮನೆಗಳ ಒಡೆತನವಿದ್ದ ನಗರದ ವಸತಿ ಸಂಸ್ಥೆಯೂ ಸೇರಿ ದುರಸ್ತಿಗೆ ತೊಡಗಿದವು. ದೊಡ್ಡ ಕೊಳವೆ ಹಾಕುವ ಬದಲು ಅವರು ನೀರನ್ನು ಕೊಳವೆಯಿಂದಲೇ ಹೊರಗೆ ತಂದರು. ಚಾವಣಿಯ ನೀರು ಕಿರಿದಾದ ತೆರೆದ ಕಾಲುವೆಗೆ ಬೀಳುತ್ತದೆ, ಅಲ್ಲಿಂದ ಹುಲ್ಲಿನ ತಗ್ಗಿಗೆ, ತಗ್ಗಿನಿಂದ ಜೊಂಡು ಬೆಳೆದ ಕುಂಟೆಗೆ, ಕುಂಟೆ ತುಂಬಿದರೆ ಮಾತ್ರ ಮುಂದಿನದಕ್ಕೆ. ಹೀಗೆ ಸುಮಾರು 6 ಕಿಲೋಮೀಟರ್ ಕಾಲುವೆ, ಹತ್ತು ಕುಂಟೆಗಳು. ಶಾಲೆಯ ಬಯಲಿನಲ್ಲಿ ಮೆಟ್ಟಿಲುಗಳಿರುವ ತಗ್ಗೊಂದಿದೆ. ಬಿಸಿಲಿದ್ದಾಗ ಮಕ್ಕಳು ಅಲ್ಲಿ ಕುಳಿತು ಪಾಠ ಕೇಳುತ್ತಾರೆ, ಮಳೆ ಬಂದಾಗ ಅದೇ ನೀರು ನಿಲ್ಲುವ ಹೊಂಡ. ನಮ್ಮ ಊರುಗಳ ಕಲ್ಯಾಣಿಗಳ ಮೆಟ್ಟಿಲುಗಳನ್ನು ನೋಡಿ ಬೆಳೆದ ನನಗೆ ಅದರ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

ಅಲ್ಲಿಯೇ ಹಳೆಯ ಕಾರ್ಖಾನೆಯಂಥ ಕಟ್ಟಡಗಳ ನೆತ್ತಿಯ ಮೇಲೆ 2001ರಲ್ಲಿ ತೆರೆದ ಚಾವಣಿ ಉದ್ಯಾನವನ್ನು ಕಂಡೆವು. ವಿಸ್ತಾರ 9,500 ಚದರ ಮೀಟರ್. ತೆಳುವಾದ ಮಣ್ಣಿನ ಪದರಿನಲ್ಲಿ ಸೀಡಮ್ ಎಂಬ ದಪ್ಪ ಎಲೆಯ ಕಿರುಸಸ್ಯ. ನೋಟಕ್ಕೆ ನಮ್ಮ ಗೋಣಿಸೊಪ್ಪಿನ ಬಂಧುವಿನಂತಿದೆ. ಮಳೆಯ ಒಂದು ಪಾಲನ್ನು ಅದು ಹೀರಿ ಮತ್ತೆ ಗಾಳಿಗೇ ಬಿಟ್ಟುಕೊಡುತ್ತದೆ. ಸಹಪಾಠಿಗಳು ಬೆರಗಿನಿಂದ ಚಿತ್ರ ತೆಗೆಯುತ್ತಿದ್ದಾಗ ನನಗೆ ಅಜ್ಜನವರ ಊರಿನ ಮೇಲ್ಮುದ್ದೆಯ ಮನೆಗಳು ನೆನಪಾದವು. ಮಣ್ಣಿನ ಮಾಳಿಗೆಯ ಮೇಲೆ ಶ್ರಾವಣದಲ್ಲಿ ಹುಲ್ಲು ಮೊಳೆಯುತ್ತಿತ್ತು, ಅದನ್ನು ಕೀಳುವುದು ಮಕ್ಕಳ ಕೆಲಸವಾಗಿತ್ತು. ಹಾಗೆಂದು ಅವರ ಚಾವಣಿಯನ್ನು ಎತ್ತಿ ತಂದು ಧಾರವಾಡದಲ್ಲಿಟ್ಟರೆ ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ಸೀಡಮ್ ಸುಟ್ಟು ಹೋದೀತು. ಅವರ ಮಳೆ ಸಾಮಾನ್ಯವಾಗಿ ಸೌಮ್ಯ, ವರ್ಷವಿಡೀ ಹಂಚಿಕೊಂಡು ಬೀಳುವಂಥದು. ನಮ್ಮದು ನಾಲ್ಕು ತಿಂಗಳ ಆಟ. ಕಣ್ಣಿಗೆ ಕಂಡದ್ದನ್ನೆಲ್ಲ ಹಾಗೆಯೇ ಊರಿಗೆ ಸಾಗಿಸುವ ಚಪಲವನ್ನು ನಾನು ಅಲ್ಲಿಯೇ ಬಿಟ್ಟೆ.

ಅಲ್ಲಿ ನೆಲೆಸಿದ್ದ ಒಬ್ಬ ವೃದ್ಧೆ ನಮಗೆ ತಮ್ಮ ಕಟ್ಟಡದ ನೆಲಮಾಳಿಗೆಯನ್ನು ತೋರಿಸಲು ಒಪ್ಪಿದರು. ಗೋಡೆಯ ಮೇಲೆ ಮೊಣಕಾಲಿನಷ್ಟು ಎತ್ತರಕ್ಕೆ ಹಳೆಯ ಕಲೆಯೊಂದು ಮಾಸದೆ ಉಳಿದಿತ್ತು. ಅಲ್ಲಿದ್ದ ತಮ್ಮ ಉಗ್ರಾಣದಲ್ಲಿ ಮದುವೆಯ ಛಾಯಾಚಿತ್ರಗಳ ಪೆಟ್ಟಿಗೆ ಇಟ್ಟಿದ್ದರಂತೆ, ಎಲ್ಲವೂ ನೀರುಪಾಲು. “ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ” ಎಂದು ಅವರು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು. “ಪ್ರತಿಯೊಬ್ಬರ ಚಾವಣಿಯೂ ನೀರನ್ನು ಕೊಳವೆಗೆ ಕಳಿಸಿತು. ಕೊಳವೆ ನನ್ನ ಕೋಣೆಗೆ ಕಳಿಸಿತು. ಎಲ್ಲರೂ ತಮ್ಮ ಅಂಗಳವನ್ನು ಚೊಕ್ಕಟವಾಗಿಯೇ ಇಟ್ಟಿದ್ದರು.” ಆ ಕಡೆಯ ಮಾತು ನನಗೇ ಹೇಳಿದಂತಿತ್ತು.

ಕಾಲುವೆ ತೋಡುವ ಯೋಜನೆ ಬಂದಾಗ ನೀವು ಒಪ್ಪಿದಿರಾ ಎಂದು ಯಾರೋ ಕೇಳಿದರು. ಕೂಡಲೇ ಒಪ್ಪಲಿಲ್ಲವಂತೆ. ತೆರೆದ ನೀರಿನ ಬಳಿ ಮಕ್ಕಳು ಆಡಿದರೆ ಗತಿಯೇನು ಎಂಬ ಭಯ ಅನೇಕರಿಗಿತ್ತು. ಸಭೆಗಳಾದವು, ವಾದಗಳಾದವು, ನಕ್ಷೆಗಳು ಬದಲಾದವು. ಸೊಳ್ಳೆಯ ವಿಷಯ ಕೇಳಿದವಳು ನಾನು. ಭಾರತದವಳು ತಾನೇ! ನಮ್ಮ ಅಧ್ಯಾಪಕರು ಉತ್ತರಿಸಿದರು: ಸೊಳ್ಳೆಯ ಮೊಟ್ಟೆ ರೆಕ್ಕೆ ಬಲಿತು ಹಾರಲು ವಾರದ ಮೇಲೆ ಬೇಕು, ಬೆಚ್ಚನೆಯ ದೇಶದಲ್ಲಿ ಇನ್ನೂ ಬೇಗ, ಆದ್ದರಿಂದ ತಗ್ಗಿನ ನೀರು ಎರಡು ದಿನಗಳಲ್ಲಿ ಇಂಗಿ ಹೋಗುವಂತಿರಬೇಕು, ಸದಾ ನಿಲ್ಲುವ ನೀರಾದರೆ ಮೀನಿರಬೇಕು. 2014ರ ಆಗಸ್ಟ್ 31ರಂದು ಮಾಲ್ಮೋ ನಗರದ ಮೇಲೆ ಕೆಲವೇ ಗಂಟೆಗಳಲ್ಲಿ ಸುಮಾರು 100 ಮಿಲಿಮೀಟರ್ ಮಳೆ ಸುರಿದು ಊರೆಲ್ಲ ನೀರಾದಾಗ, ಈ ಹಳೆಯ ಬಡಾವಣೆಗೆ ಸುತ್ತಲಿನ ಭಾಗಗಳಿಗಿಂತ ಬಹಳ ಕಡಿಮೆ ಹಾನಿಯಾಯಿತು.

ಕೋಪನ್‌ಹೇಗನ್ ನಗರಕ್ಕೆ ಪಾಠ ಕಲಿಸಿದ್ದು 2011ರ ಜುಲೈ 2ರ ಮೇಘಸ್ಫೋಟ. ಎರಡು ಮೂರು ಗಂಟೆಗಳಲ್ಲಿ ಕೆಲವು ಕಡೆ 150 ಮಿಲಿಮೀಟರ್. ಮರುವರ್ಷವೇ ನಗರಸಭೆ ಮಳೆಗಾಗಿ ಪ್ರತ್ಯೇಕ ಯೋಜನೆಯೊಂದನ್ನು ಸಿದ್ಧಪಡಿಸಿ, ಸುಮಾರು 300 ಕಾಮಗಾರಿಗಳನ್ನು ಇಪ್ಪತ್ತು ವರ್ಷಗಳಲ್ಲಿ ಮುಗಿಸುವ ಸಂಕಲ್ಪ ಮಾಡಿತು. ನಾವು ಕಂಡದ್ದು ಎರಡನ್ನು ಮಾತ್ರ. ತೋಸಿಂಗೆ ಚೌಕದಲ್ಲಿ ಡಾಂಬರನ್ನು ಕಿತ್ತು ತೋಟ ಮಾಡಿದ್ದಾರೆ; ತಲೆಕೆಳಗಾದ ಕೊಡೆಗಳಂತಿರುವ ಕಂಬಗಳು ಮಳೆನೀರನ್ನು ಹಿಡಿಯುತ್ತವೆ. ಎಂಗಾವೆ ಉದ್ಯಾನ ಸುಮಾರು ನೂರು ವರ್ಷಗಳ ಹಿಂದಿನದು. ಅದರ ಮೂರು ಬದಿಗೆ ತಗ್ಗಾದ ಗೋಡೆ ಕಟ್ಟಿ 2019ರಲ್ಲಿ ಮತ್ತೆ ತೆರೆದಿದ್ದಾರೆ. ಮಾಮೂಲು ದಿನ ಜನ ಅದರ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಮೇಘಸ್ಫೋಟವಾದರೆ ಉದ್ಯಾನವೇ ಕೆರೆಯಾಗಿ 22,600 ಘನ ಮೀಟರ್, ಎಂದರೆ ಎರಡು ಕೋಟಿ ಲೀಟರಿಗೂ ಮೀರಿದ ನೀರನ್ನು ತಡೆಹಿಡಿಯುತ್ತದೆ. ನೋಡಲು ಹೋದ ದಿನ ಅಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಊರಿನ ಜೀವ ಉಳಿಸುವ ಕೆರೆಯೊಳಗೆ ಆಡುತ್ತಿದ್ದೇವೆಂಬುದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಕಡೆಯ ರಾತ್ರಿ ತಂಗುದಾಣದಲ್ಲಿ ಅಧ್ಯಾಪಕರು ಒಂದು ಅಭ್ಯಾಸ ಕೊಟ್ಟರು: ನೀವೇ ಕೆಡಿಸಿದ ಒಂದು ಸ್ಥಳವನ್ನು ಬರೆದು ತೋರಿಸಿ. ನಾನು ಬಹಳ ಹೊತ್ತು ಖಾಲಿ ಹಾಳೆಯ ಮುಂದೆ ಕುಳಿತಿದ್ದೆ. ಆಮೇಲೆ ಮಾವನವರ ನಿವೇಶನವನ್ನು ಬರೆದು, ಇಳಿಜಾರಿಗೆ ಬಾಣದ ಗುರುತು ಹಾಕಿ, ಲೆಕ್ಕ ಮಾಡಿದೆ. 40 ಅಡಿಗೆ 60 ಅಡಿ ಎಂದರೆ ಸುಮಾರು 223 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 11,000 ಲೀಟರಿಗಿಂತ ಹೆಚ್ಚು ನೀರು. ಬೇಸಿಗೆಯಲ್ಲಿ ಮಾವನವರು ದುಡ್ಡು ಕೊಟ್ಟು ತರಿಸುವ ಎರಡು ಟ್ಯಾಂಕರಿನಷ್ಟು ನೀರನ್ನು ಒಂದೇ ಸಂಜೆ ನಾನು ಆ ತಾಯಿಯ ಅಡುಗೆಮನೆಗೆ ಕಳಿಸಿದ್ದೆ. ಬಾಣದ ತುದಿಯಲ್ಲಿ ಜೋಳದ ಚೀಲಗಳನ್ನೂ ಬರೆದೆ. ಅಧ್ಯಾಪಕರು ಹಾಳೆಯನ್ನು ನೋಡಿ, ನಕ್ಷೆಯ ಬಗೆಗೆ ಏನೂ ಹೇಳದೆ, “ಕೆಳಗಿನ ಮನೆಯವರೊಡನೆ ಮಾತನಾಡಿದ್ದೀರಾ?” ಎಂದು ಕೇಳಿದರು. ಇಲ್ಲವೆಂದೆ. ಅವರು ಹಾಳೆಯನ್ನು ಅಂಕ ಕೊಡದೆ ಹಿಂದಿರುಗಿಸಿದರು.

2023ರ ಕೊನೆಯಲ್ಲಿ ಊರಿಗೆ ಬಂದ ಮೇಲೆ ನಾನು ಮೊದಲು ಹೋದದ್ದು ಆ ಮನೆಗೆ. ಹಿರಿಯರು ಆ ವೇಳೆಗೆ ತೀರಿಕೊಂಡಿದ್ದರು. ಆ ಸುದ್ದಿ ನನಗೆ ತಿಳಿದಿರಲಿಲ್ಲ. ತಾಯಿಯ ಎದುರು ಕುಳಿತು, ಆ ನೀರು ನನ್ನ ತಪ್ಪಿನಿಂದ ಬಂದದ್ದೆಂದು ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಅವತ್ತೇ ಅಂದಿದ್ರು, ಆ ಹುಡುಗಿ ಒಂದಿನ ಬಂದು ಹೇಳ್ತಾಳ ಅಂತ. ನೀ ಬರೋದು ತಡಾ ಆತು” ಎಂದರು. ಅದಕ್ಕೆ ನಾನು ಏನು ಹೇಳಲಿ?

ಮಾವನವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. “ಕೂಡಿಸಿದಾಕಿನೂ ನೀನ, ಕೀಳಾಕಿನೂ ನೀನ?” ಎಂದು ರೇಗಿದರು. ನ್ಯಾಯವಾದ ಮಾತೇ. ನಾನು ಆರು ಕಿಲೋಮೀಟರ್ ಕಾಲುವೆಯ ಕಥೆ ಹೇಳಲಿಲ್ಲ, ಎರಡು ಟ್ಯಾಂಕರಿನ ಲೆಕ್ಕ ಹೇಳಿದೆ. ಕಡೆಗೆ ಅವರು ಬಿಟ್ಟುಕೊಟ್ಟದ್ದು ಕೆಳಗಿನ ಗೋಡೆಯ ಗುಂಟ 3 ಅಡಿ ಅಗಲ, 40 ಅಡಿ ಉದ್ದದ ಪಟ್ಟಿ. ಬಿಲ್ಲೆ ಕಿತ್ತು, ಕಾಂಕ್ರೀಟು ಒಡೆದು, ಒಂದು ಅಡಿ ತಗ್ಗು ತೋಡಿಸಿದೆವು. ನಮ್ಮ ಪುಣ್ಯಕ್ಕೆ ಅಲ್ಲಿ ಮಸಾರಿ ಮಣ್ಣು. ಎರೆಯಾಗಿದ್ದರೆ ನೀರಿಂಗಲು ಕಷ್ಟವಾಗುತ್ತಿತ್ತು. ಆ ತಗ್ಗು ಹಿಡಿಯುವುದು ಸುಮಾರು 3,400 ಲೀಟರ್ ಮಾತ್ರ. ಚಾವಣಿಯ ನೀರನ್ನು ಬೇರೆ ಕೊಳವೆಯಿಂದ, ಜಾಲರಿ ಮತ್ತು ಮರಳಿನ ಮೂಲಕ ಸೋಸಿ, ನೆಲದೊಳಗಿನ ತೊಟ್ಟಿಗೆ ಇಳಿಸಿದೆವು. ಗೋಡೆಯ ಆಚೆಗಿನ ತಾಯಿಯನ್ನು ಕೇಳಿಯೇ ಗಿಡಗಳನ್ನು ಆರಿಸಿದೆ. ಅವರು ಕಾಬಾಳೆಯ ಗಡ್ಡೆಗಳನ್ನೂ ಕೆಸವನ್ನೂ ತಮ್ಮ ಹಿತ್ತಲಿನಿಂದಲೇ ಕೊಟ್ಟರು.

2024ರ ಮೇ ತಿಂಗಳ ಮೊದಲ ಮಳೆಯಲ್ಲಿ ನನ್ನ ಲೆಕ್ಕ ಪೂರ್ತಿ ಸರಿಯಾಗಲಿಲ್ಲ. ಗೌಂಡಿ ಬಿಟ್ಟಿದ್ದ ಇಳಿಜಾರು ತುಸು ಓರೆಯಾಗಿ, ಬಾಗಿಲ ಬದಿಯಿಂದ ನೀರು ಬೀದಿಗೆ ಹರಿಯಿತು. ಅದನ್ನು ಮರುವಾರ ತಿದ್ದಿದೆವು. ಬೀದಿಗೆ ಹೋಯಿತೇ ಹೊರತು ಅಡುಗೆಮನೆಗೆ ಹೋಗಲಿಲ್ಲ. ನಾನು ಕೊಡೆ ಹಿಡಿದು ಕೆಳಗಿನ ಮನೆಗೆ ಓಡಿದಾಗ ಆ ತಾಯಿ ಹೊಸ್ತಿಲಲ್ಲೇ ಕುರ್ಚಿ ಹಾಕಿಕೊಂಡು, ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ಒಳಗೆ ಬಾ ಎಂದರು. ಕಾಲು ಒರೆಸಿಕೊಂಡು ಹೋದೆ. ಕೆಳಗಿನ ಕಪಾಟಿನಲ್ಲಿ ಹಿರಿಯರ ಪುಸ್ತಕಗಳು, ಅಂಚು ಉಬ್ಬಿ ಬಣ್ಣಗೆಟ್ಟವು, ಮತ್ತೆ ತಮ್ಮ ಜಾಗದಲ್ಲೇ ಇದ್ದವು.